ಮಿಂಚು ಮಲಗಿದೆಯೋ, ಹೋಗಿದೆಯೋ?

ನಮ್ಮ ಮನೆಯ ಬಸವನಹುಳುವಿಗೆ ಮಿಂಚು ಎಂದು ಹೆಸರಿಟ್ಟವನು ನಾನೇ. ಆ ಸಿಟ್ಟಿಗೋ ಏನೋ, ಮೂರು ದಿನದಿಂದ ಅದು ಅಕ್ವೇರಿಯಂ ಮೂಲೆಯಲ್ಲಿ ಬಿದ್ದಲ್ಲೇ ಬಿದ್ದಿತ್ತು. ಸಂಜೆ ಬಂದ ಗೆಳೆಯರು ಒಬ್ಬೊಬ್ಬರಾಗಿ ಗಾಜಿಗೆ ಮೂಗು ಒತ್ತಿ ನೋಡಿದರು.

“ಹೋಗಿಬಿಟ್ಟಿದೆ,” ಎಂದ ಸುಬ್ಬು. ಅವನಿಗೆ ಯಾವ ವಿಷಯವನ್ನೂ ಎಳೆಯುವುದು ಇಷ್ಟವಿಲ್ಲ.

“ಹೇಗೆ ಗೊತ್ತಾಯ್ತು?”

“ಅಲ್ಲಾಡ್ತಾ ಇಲ್ವಲ್ಲ!”

“ಭಾನುವಾರ ನೀನೂ ಅಲ್ಲಾಡಲ್ಲ,” ಎಂದಳು ಪದ್ಮಾ. ಅವಳ ಮನೆಯಲ್ಲೂ ಬಸವನಹುಳುಗಳಿವೆ. “ಎತ್ತಿ ಮೂಸಿ ನೋಡಿ. ಸತ್ತಿದ್ದರೆ ಮನೆ ಬಿಟ್ಟು ಓಡುವಂಥ ನಾತ ಬರುತ್ತೆ. ಬದುಕಿದ್ದರೆ ಬರೀ ಕೆರೆ ನೀರಿನ ವಾಸನೆ.”

ಮೂಸುವ ಮಾತು ಬಂದದ್ದೇ ತಡ, ಸುಬ್ಬುವಿಗೆ ನೆಗಡಿ ಆಯಿತು. ಗಿರಿಗೆ ಫೋನಿನಲ್ಲಿ ಏನೋ ತುರ್ತು ಕಂಡಿತು. ನಾನೇ ಮೂಸಿದೆ. ಕೆರೆ ನೀರು. ಚಿಪ್ಪಿನ ಬಾಯಿಯ ಕಂದು ಮುಚ್ಚಳವೂ ಬಿಗಿಯಾಗಿ ಮುಚ್ಚಿತ್ತು.

“ಹಾಗಾದರೆ ಒಳಗೆ ಜನ ಇದ್ದಾರೆ,” ಎಂದಳು ಪದ್ಮಾ. “ಬಾಗಿಲು ಎಳೆದು ಹಿಡಿಯೋಕೆ ಆಳು ಬೇಕಲ್ವಾ? ಸತ್ತಿದ್ದರೆ ಮುಚ್ಚಳ ಸಡಿಲವಾಗಿ ಜೋತಾಡ್ತಿತ್ತು.”

ಸುಬ್ಬು ಅಷ್ಟರಲ್ಲಿ ಚಮಚ ಹಿಡಿದು ಬಂದಿದ್ದ. “ಸ್ವಲ್ಪ ತೆರೆದು ನೋಡೋಣ.”

“ಚಮಚ ಇಡು! ಮುಚ್ಚಳ ಅದರ ಮೈಗೇ ಅಂಟಿಕೊಂಡಿರುತ್ತೆ. ಮೀಟಿದರೆ ಮಾಂಸ ಹರಿಯುತ್ತೆ. ಮಲಗಿದವರನ್ನು ಉಗುರು ಕಿತ್ತು ಎಬ್ಬಿಸ್ತಾರಾ?”

ಗಿರಿ ಫೋನಿನಿಂದ ತಲೆ ಎತ್ತಿದ. “ಕೊಳದ ಬಸವನಹುಳುಗಳ ನಿದ್ದೆ ಬಗ್ಗೆ 2011ರಲ್ಲಿ ಒಂದು ಅಧ್ಯಯನ ಬಂದಿದೆ. ಒಂದೊಂದು ಸಲಕ್ಕೆ ಸುಮಾರು 20 ನಿಮಿಷ ನಿದ್ದೆ. ಹೀಗೆ ಏಳು ಸಲ. ಆಮೇಲೆ 30 ಗಂಟೆಗೂ ಜಾಸ್ತಿ ಎಚ್ಚರ!”

“ಅದಕ್ಕೆ ಪಾಪ ಮೀಟಿಂಗ್ ಜಾಸ್ತಿ ಇರಬೇಕು,” ಎಂದ ಸುಬ್ಬು.

“ಮಿಂಚು ಬೇರೆ ಜಾತಿ. ಆದರೂ ಮೂರು ದಿನ ಬಾಗಿಲು ಹಾಕಿಕೊಂಡಿದೆ ಅಂದರೆ ಇದು ನಿದ್ದೆಯಲ್ಲ, ಮುನಿಸು,” ಎಂದು ಪದ್ಮಾ ನನ್ನ ಕಡೆ ತಿರುಗಿದಳು. ವಿಚಾರಣೆ ಶುರುವಾಯಿತು. ನೀರು ತಣ್ಣಗಿದೆಯಾ? ಇಲ್ಲ, 25 ಡಿಗ್ರಿ. ಮೀನು ಕೊಂಬು ಕಚ್ಚುತ್ತಾ? ನೋಡಿಲ್ಲ. ನೀರಿಗೆ ಹೊಸದಾಗಿ ಏನಾದರೂ ಹಾಕಿದೆಯಾ?

“ಒಂದು ಮೀನಿಗೆ ಬಿಳಿ ಚುಕ್ಕೆ ಬಂದಿತ್ತು. ಔಷಧಿ ಹಾಕಿದೆ.”

“ಎಷ್ಟು ದಿನವಾಯ್ತು?”

ಬೆರಳು ಮಡಿಸಿದೆ. ಮೂರಕ್ಕೆ ನಿಂತಿತು.

ಬಾಟಲಿಯ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ ಕಾಪರ್ ಸಲ್ಫೇಟ್ ಎಂದಿತ್ತು. ಮೀನಿಗೆ ಮದ್ದಾಗುವಷ್ಟು ತಾಮ್ರವೇ ಬಸವನಹುಳುವಿಗೆ ವಿಷವಂತೆ. ವಿಷದ ನೀರು ಒಳಗೆ ಬರಬಾರದೆಂದು ಅದು ಬಾಗಿಲು ಹಾಕಿ ಕೂತಿದ್ದರೆ, ನಾವು ಇತ್ತ ಶವಸಂಸ್ಕಾರದ ಮಾತಾಡುತ್ತಿದ್ದೆವು.

ಕ್ಲೋರಿನ್ ತೆಗೆದ ನೀರನ್ನು ಅಷ್ಟೇ ಬೆಚ್ಚಗೆ ಮಾಡಿ ಗಾಜಿನ ಬೋಗುಣಿಗೆ ಹಾಕಿ, ಮಿಂಚನ್ನು ಮೆಲ್ಲಗೆ ಇಳಿಸಿದೆವು. ನೀರು ತೀರಾ ಆಳ ಬೇಡ, ಈ ಜಾತಿ ಮೇಲೆ ಬಂದು ಗಾಳಿಯನ್ನೂ ಕುಡಿಯುತ್ತೆ ಎಂದಳು ಪದ್ಮಾ. ಬೇಯಿಸಿದ ಸೌತೆಕಾಯಿ ಚೂರು ಪಕ್ಕದಲ್ಲಿಟ್ಟೆವು. ಮೇಲೆ ತೂತಿನ ಮುಚ್ಚಳ. ಹುಷಾರಾದ ಬಸವನಹುಳು ಮೊದಲು ಮಾಡುವ ಕೆಲಸ ಓಡಿಹೋಗುವುದಂತೆ. ಈ ವೇಗದಲ್ಲಿ ಎಲ್ಲಿಗೆ ಓಡುತ್ತದೋ!

“ಚಿಪ್ಪಿನಲ್ಲಿ ಬಿಳಿ ಗುಳಿ ಬಿದ್ದಿದೆ ನೋಡು. ನೀರು ಹುಳಿಯಾಗಿದೆ, ಸುಣ್ಣದ ಅಂಶ ಕಡಿಮೆ. ಮೊಟ್ಟೆ ಸಿಪ್ಪೆ ಕುದಿಸಿ ಹಾಕು,” ಎಂದಳು ಪದ್ಮಾ.

ಕಾವಲು ಕೂತೆವು. ನನ್ನ ಜೀವನದಲ್ಲಿ ಇಷ್ಟು ನಿಧಾನದ ಕಾರ್ಯಕ್ರಮ ನೋಡಿರಲಿಲ್ಲ. ಒಂದು ಗಂಟೆ. ಎರಡು. ರಾತ್ರಿ ಹನ್ನೊಂದಕ್ಕೆ ಚಿಪ್ಪಿನ ಮುಚ್ಚಳ ಕೂದಲಷ್ಟು ಸರಿಯಿತು. ಆಮೇಲೆ ಒಂದು ಕೊಂಬು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮಿಂಚು ಸೌತೆಕಾಯಿ ಕಡೆ ಹೊರಟಿತು.

“ಸುಬ್ಬು, ನೋಡೋ!” ಎಂದು ಕಿರುಚಿದೆ.

ಉತ್ತರವಿಲ್ಲ. ಸೋಫಾದ ಮೂಲೆಯಲ್ಲಿ ಬಾಯಿ ತೆರೆದು, ಬಿದ್ದಲ್ಲೇ ಬಿದ್ದಿದ್ದ.

“ಮುಚ್ಚಳ ಸಡಿಲವಾಗಿದೆ,” ಎಂದ ಗಿರಿ. “ಮೂಸಿ ನೋಡೋರು ಯಾರು?”