ಗೌರಿ ಹೂವು: ಹೋದ ವರ್ಷ ಭರ್ತಿ ಹೂ, ಈ ವರ್ಷ ಬರೀ ಬಳ್ಳಿ. ಯಾಕೆ?

ಹಾವೇರಿ ಹಿತ್ತಲು:
ನಮಸ್ಕಾರ್ರೀ ಎಲ್ಲರಿಗೂ. ನಮ್ಮ ಹೊಲದ ಬದುವಿನ ಗೌರಿ ಹೂವಿನ ಗಡ್ಡೆಗಳನ್ನು ಕುಂಡದಲ್ಲಿ ಹಾಕಿದ್ದೆ, ಅಗ್ನಿಶಿಖೆ ಅಂತಾರಲ್ಲ ಅದೇ. ಹೋದ ಮಳೆಗಾಲದಲ್ಲಿ ಚೆನ್ನಾಗಿ ಹೂ ಬಂತು. ಹುಬ್ಬಳ್ಳಿಯ ಬೊಕೆ ಅಂಗಡಿಯವರು ಉದ್ದ ಬಳ್ಳಿ ಸಮೇತ ಬೇಕು ಅಂದರು, ಹಾಗೇ ಕತ್ತರಿಸಿ ಕೊಟ್ಟೆ. ಈ ಸಲ ದಾರದಂಥ ಬಳ್ಳಿ, ಒಂದು ಮೊಗ್ಗೂ ಇಲ್ಲ. ಕೆಲವು ಕುಂಡದಲ್ಲಿ ಮೊಳಕೆಯೇ ಬಂದಿಲ್ಲ. ಮಣ್ಣು ಹೊಲದ ಎರೆ, ಅಂದರೆ ಕಪ್ಪು ಮಣ್ಣು, ಜೊತೆಗೆ ತಿಪ್ಪೆ ಗೊಬ್ಬರ. ಏನು ಹಾಕಲಿ?

ಧಾರವಾಡ ಟೆರೇಸ್:
ಸ್ವಲ್ಪ ಯೂರಿಯಾ ಕೊಟ್ಟು ನೋಡಿ ಅಣ್ಣಾ.

ಗದಗ ಮಸಾರಿ:
ಯೂರಿಯಾ ಬೇಡ್ರೀ ಅಕ್ಕಾ, ಸುಮ್ನೆ ಎಲೆ ಜಾಸ್ತಿ ಆಗುತ್ತದೆ ಅಷ್ಟೇ.

ಹಾವೇರಿ ಅಣ್ಣಾ, ಹೋದ ವರ್ಷ ಬಳ್ಳಿಯ ಜೊತೆ ಈ ವರ್ಷದ ಗಡ್ಡೆಯನ್ನೂ ಮಾರಿದಂತಾಗಿದೆ. ಈ ಗಿಡದಲ್ಲಿ ಹಳೇ ಗಡ್ಡೆ ಪ್ರತಿ ವರ್ಷ ಬತ್ತಿ ಹೋಗಿ ಹೊಸದು ಕೂಡುತ್ತದೆ. ಅದು ತುಂಬುವುದು ಹೂ ಮುಗಿದ ಮೇಲೂ ಹಸಿರಾಗಿ ಉಳಿಯುವ ಎಲೆಗಳಿಂದ. ಬಳ್ಳಿಯನ್ನೇ ಕತ್ತರಿಸಿ ಕೊಟ್ಟರೆ ಗಡ್ಡೆ ತುಂಬುವುದು ಹೇಗೆ? ಹೂ ಬಿಡಬೇಕಾದರೆ ಗಡ್ಡೆ 50-60 ಗ್ರಾಂ ಆದರೂ ತೂಗಬೇಕು. ಈಗ ಅಗೆಯಬೇಡಿ, ಬಳ್ಳಿ ತಾನಾಗಿ ಒಣಗಿದ ಮೇಲೆ ತೆಗೆದು ತಕ್ಕಡಿಗೆ ಹಾಕಿ ನೋಡಿ.

ಮೊಳಕೆ ಬಾರದ ಕುಂಡಗಳ ಕಥೆ ಬೇರೆ. ಎರೆ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ಗಡ್ಡೆ ಕೊಳೆಯುತ್ತದೆ. ಬೇಸಿಗೆಯಲ್ಲೂ ನೀರು ಹಾಕುತ್ತಿದ್ದಿರಾ? ಇನ್ನೊಂದು, ಗಡ್ಡೆ ಎರಡು ಕವಲಾಗಿರುತ್ತದಲ್ಲ, ಒಂದೊಂದು ಕವಲಿನ ತುದಿಗೆ ಒಂದೇ ಕಣ್ಣು. ಆಲೂಗಡ್ಡೆಗೆ ಇದ್ದ ಹಾಗೆ ಮೈತುಂಬಾ ಇರುವುದಿಲ್ಲ. ಎತ್ತಿ ಹಾಕುವಾಗ ಆ ತುದಿ ಮುರಿದರೆ ಆ ಕವಲು ಮೊಳೆಯುವುದು ಕಷ್ಟ.

ಹಾವೇರಿ ಹಿತ್ತಲು:
ಹೌದ್ರೀ, ಮಲ್ಲಿಗೆ ಕುಂಡದ ಜೊತೆ ಇವಕ್ಕೂ ನೀರು ಬೀಳುತ್ತಿತ್ತು. ಈಗ ಅಂಗಡಿಯವರಿಗೆ ಏನು ಕೊಡಲಿ? ಕಪ್ಪತಗುಡ್ಡದ ಕಡೆಯಿಂದ ಒಂದಿಷ್ಟು ಗಡ್ಡೆ ಅಗೆದು ತಂದರೆ ನಡೆಯುತ್ತಾ?

ಗದಗ ಮಸಾರಿ:
ಅದು ಮಾತ್ರ ಬೇಡ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿ ಅಗೆದರೆ ಕೇಸ್ ಆಗುತ್ತದೆ. ಕಾನೂನು ಇರದಿದ್ದರೂ ನಾನು ಬೇಡ ಅಂತಲೇ ಹೇಳುತ್ತಿದ್ದೆ, ಈ ಗಿಡವನ್ನು ಔಷಧಕ್ಕೆ ಅಂತ ಅಗೆದು ಅಗೆದು ಸಾಕಷ್ಟು ಕಡೆ ಕಡಿಮೆ ಮಾಡಿದ್ದಾರೆ. ತಮಿಳುನಾಡಿನಲ್ಲಿ ಇದು ರಾಜ್ಯ ಹೂವು, ಬೀಜಕ್ಕಾಗಿ ಹೊಲದಲ್ಲೇ ಬೆಳೆಯುತ್ತಾರೆ. ಅಂಥ ಬೆಳೆಗಾರರಿಂದ ಗಡ್ಡೆ ಕೊಳ್ಳಿ. ಬೀಜ ಹಾಕಿದರೆ ಹೂವಿಗೆ 3-4 ವರ್ಷ ಕಾಯಬೇಕು.

ಅಂಗಡಿಗೆ ತೊಟ್ಟಿನ ಸಮೇತ ಒಂಟಿ ಹೂ ಕೊಡಿ. ಹಾಲೆಂಡಿನವರೂ ಹಾಗೆ ಮಾರುತ್ತಾರೆ, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ದಳ ಜಜ್ಜದಿರಲಿ ಅಂತ. ಬೆಳಿಗ್ಗೆ ತಂಪಿನಲ್ಲಿ ಕೊಯ್ಯಿರಿ. ದಳದ ಬುಡ ಇನ್ನೂ ಹಳದಿ-ಹಸಿರು ಇದ್ದು, ತುದಿ ಮೇಲಕ್ಕೆ ಮಡಚಲು ಶುರುವಾಗಿರಬೇಕು. ಗಟ್ಟಿ ಮೊಗ್ಗು ಕೊಯ್ದರೆ ಸರಿಯಾಗಿ ಅರಳುವುದಿಲ್ಲ.

ಮುಂದಿನ ಸಲ ಕುಂಡಕ್ಕೆ ಮಸಾರಿ (ಕೆಂಪು) ಮಣ್ಣು, ಮರಳು, ಹಳೇ ಗೊಬ್ಬರ. ಗಡ್ಡೆಯನ್ನು ಅಡ್ಡ ಮಲಗಿಸಿ. ರೋಹಿಣಿ ಮಳೆ ಹೊತ್ತಿಗೆ (ಮೇ ಕೊನೆಗೆ) ನೀರು ಶುರು ಮಾಡಿ, ಎಲೆ ಹಳದಿಯಾದಾಗ ನಿಲ್ಲಿಸಿ. ದಪ್ಪ ಬಿದಿರು ಊರಬೇಡಿ. ಎಲೆಯ ತುದಿಯೇ ಸುರುಳಿಯಾಗಿ ಹಿಡಿದುಕೊಳ್ಳುವುದು, ಅದಕ್ಕೆ ತೆಳು ತಂತಿ ಇಲ್ಲವೇ ಒಣ ಕಡ್ಡಿಯೇ ಬೇಕು.

ಧಾರವಾಡ ಟೆರೇಸ್:
ನಂದೂ ಒಂದು ಕುಂಡ ಇದೆ ರೀ. ಕಪ್ಪು ಹುಳ, ಮೈಮೇಲೆ ಕೆಂಪು-ಬಿಳಿ ಚುಕ್ಕೆ. ಎಲೆಯೆಲ್ಲ ತಿಂದು ಮುಗಿಸಿದೆ. ಈ ಗಿಡ ವಿಷ ಅಂತಾರೆ, ಅದಕ್ಕೇನೂ ಆಗಲ್ವಾ?

ಗದಗ ಮಸಾರಿ:
ಅದು ಲಿಲ್ಲಿ ಜಾತಿ ಗಿಡಗಳನ್ನೇ ತಿನ್ನುವ ಹುಳ, ಅದಕ್ಕೆ ಈ ವಿಷ ಪಚನ. ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕಿ, ಮರಿ ಇದ್ದಾಗ ಬೇವಿನ ಎಣ್ಣೆ ಸಾಕು. ಕೈಗವಸು ಮರೆಯಬೇಡಿ. ಗಿಡವೆಲ್ಲ ಕಾಲ್ಚಿಸಿನ್ ವಿಷ, ಗಡ್ಡೆ ನೋಡಲು ಗೆಣಸಿನಂತೆಯೇ ಇರುತ್ತದೆ. ಹಾವೇರಿ ಅಣ್ಣಾ, ಕುಂಡ ಮಾರುವುದಾದರೆ ‘ವಿಷ’ ಅಂತ ಚೀಟಿ ಅಂಟಿಸಿ. ಚಿಕ್ಕ ಮಕ್ಕಳಿರುವ ಮನೆಗೆ ನಾನಂತೂ ಕೊಡುವುದಿಲ್ಲ.