ಮೂರು ವರ್ಷದ ಮಗುವಿಗೂ ಮೂವತ್ತರ ಗಂಡಸಿಗೂ ಒಂದೇ ಬೋರ್ಡಾ?

ಮೂಲೆಸೈಟು:
ಬೆಂಗಳೂರಿನ ಒಂದು ಲೇಔಟ್. ಬಸ್ ಸ್ಟಾಪ್ ಪಕ್ಕದ ಕಾಂಪೌಂಡ್ ಗೋಡೆಗೆ ಗಂಡಸರು ಉಚ್ಚೆ ಹೊಯ್ದು ಹೊಯ್ದು ಕೆಳಗಿನ ಎರಡಡಿ ಗಾರೆ ಉದುರುತ್ತಿದೆ. ಎದುರಿಗೇ ಪಾರ್ಕು. ಅಲ್ಲಿಗೆ ಆಡೋಕೆ ಬರುವ ಪುಟ್ಟ ಮಕ್ಕಳನ್ನೂ ಮನೆಯವರು ಅದೇ ಗೋಡೆ ಬುಡಕ್ಕೆ ಕರೆತರ್ತಾರೆ. ಸಂಘದವರು ‘ಯಾರೇ ಮೂತ್ರ ಮಾಡಿದರೂ 500 ರೂ. ದಂಡ’ ಅಂತ ಬೋರ್ಡು ಹಾಕೋಕೆ ಹೊರಟಿದ್ದಾರೆ. ವಾಟ್ಸಾಪ್ ಗುಂಪಲ್ಲಿ ಅರ್ಧ ಜನ ‘ಪಾಪ, ಮಗುಗೇನು ಗೊತ್ತಾಗುತ್ತೆ’, ಇನ್ನರ್ಧ ‘ನಿಯಮ ಅಂದ್ರೆ ಎಲ್ಲರಿಗೂ ಒಂದೇ’. ಮಕ್ಕಳಿಗೂ ದಂಡ ಅನ್ನೋದು ಸರಿಯಾ? ದೇವರ ಟೈಲ್ಸ್ ಹಾಕಿದ್ರೆ ನಿಲ್ಲುತ್ತಾ? ವಾಸನೆ ಹೋಗಿಸೋದು ಹೇಗೆ? ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಎರಚಿಸ್ತೀವಿ, ಎರಡೇ ದಿನಕ್ಕೆ ಮತ್ತೆ ಅದೇ ಕಥೆ.

ಕಪ್ಪುಕೋಟು:
ದಂಡದ ಮಾತು ಮೊದಲು ಕೈಬಿಡಿ. ರಸ್ತೇಲಿ ಹೋಗೋರಿಂದ ದಂಡ ವಸೂಲಿ ಮಾಡೋ ಅಧಿಕಾರ ನಿವಾಸಿಗಳ ಸಂಘಕ್ಕಿಲ್ಲ. ಅದು ಪಾಲಿಕೆ, ಪೊಲೀಸರ ಕೆಲಸ. ಹೆದರಿಸಿ ದುಡ್ಡು ತಗೊಂಡ್ರೆ ದೂರು ನಿಮ್ಮ ಮೇಲೇ ಬರುತ್ತೆ. ಸಾರ್ವಜನಿಕ ಉಪದ್ರವಕ್ಕೆ ಐಪಿಸಿ 290ರಲ್ಲಿ 200 ರೂಪಾಯಿವರೆಗೆ ದಂಡ ಇತ್ತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 292ನೇ ಕಲಂ ಇದೆ, 1,000 ರೂಪಾಯಿವರೆಗೆ. ಅದೇ ಸಂಹಿತೆಯ 20ನೇ ಕಲಂ ಪ್ರಕಾರ ಏಳು ವರ್ಷ ತುಂಬದ ಮಗು ಮಾಡಿದ್ದು ಯಾವುದೂ ಅಪರಾಧವಲ್ಲ. ‘ಎಲ್ಲರಿಗೂ ಒಂದೇ’ ಅನ್ನೋದು ಕಾನೂನಲ್ಲೇ ಇಲ್ಲ.

ದೇವರ ಚಿತ್ರಕ್ಕೆ ನಿಷೇಧ ಬೇಕು ಅಂತ ದೆಹಲಿ ಹೈಕೋರ್ಟಿಗೆ ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2022ರಲ್ಲಿ ವಜಾ ಆಯ್ತು. ಹಾಗಂತ ಹಾಕೋದು ಜಾಣತನ ಅಂತಲ್ಲ.

ಗಾರೆಕರಣೆ:
ದೇವರ ಟೈಲ್ಸ್ ಇದ್ದ ಕಡೆ ಮಾಡಲ್ಲ, ನಿಜ. ಎರಡು ಮಾರು ಆಚೆ ಹೋಗಿ ನಿಲ್ತಾರೆ. ಗೋಡೆ ಉದ್ದಕ್ಕೂ ಮುಕ್ಕೋಟಿ ದೇವರನ್ನ ಕೂರಿಸೋಕಾಗುತ್ತಾ? ಟೈಲ್ಸ್ ಬಿರುಕು ಬಿಟ್ಟಾಗ, ನಾಯಿ ಬಂದು ಕಾಲೆತ್ತಿದಾಗ ಇನ್ನೊಂದು ಜಗಳ.

ವಾಸನೆ ವಿಷಯಕ್ಕೆ ಬರ್ತೀನಿ. ಹೊಸ ಮೂತ್ರದಲ್ಲಿ ಬಹುಪಾಲು ನೀರೇ. ಅದರಲ್ಲಿರೋ ಯೂರಿಯಾವನ್ನ ಬ್ಯಾಕ್ಟೀರಿಯಾ ಒಡೆದು ಅಮೋನಿಯಾ ಮಾಡಿದ ಮೇಲೆ ಮೂಗಿಗೆ ಹೊಡೆಯುತ್ತೆ. ಯೂರಿಕ್ ಆಸಿಡ್ ಹರಳು ಗಾರೆ ರಂಧ್ರಗಳಲ್ಲಿ ಕೂತುಬಿಡುತ್ತೆ, ಬರೀ ನೀರಿಗೆ ಕರಗಲ್ಲ. ಜೊತೆಗಿರೋ ಉಪ್ಪು ತೇವ ಎಳ್ಕೊಳ್ಳುತ್ತೆ. ಅದಕ್ಕೇ ಒಂದು ಹನಿ ಮಳೆ ಬಿದ್ರೆ ಸಾಕು, ಆವತ್ತು ಯಾರೂ ನಿಲ್ಲದಿದ್ರೂ ಗಬ್ಬು.

ಬ್ಲೀಚಿಂಗ್ ಪೌಡರ್ ಇವತ್ತೇ ನಿಲ್ಲಿಸಿ. ಅಮೋನಿಯಾ ಜೊತೆ ಸೇರಿದ್ರೆ ಕ್ಲೋರಮೈನ್ ಅನ್ನೋ ಅನಿಲ ಬರುತ್ತೆ; ಕಣ್ಣುರಿ, ಕೆಮ್ಮು. ಅನುಭವಿಸೋರು ಬೆಳಿಗ್ಗೆ ಗುಡಿಸೋಕೆ ಬರೋ ಪೌರಕಾರ್ಮಿಕರು. ಅದರ ಮೇಲೆ ಬಾತ್‌ರೂಮ್ ಆಸಿಡ್ ಸುರಿದ್ರೆ ಕ್ಲೋರಿನ್ನೇ ಏಳುತ್ತೆ, ಗಾರೆನೂ ತಿಂದುಹಾಕುತ್ತೆ. ಫಿನಾಯಿಲ್ ವಾಸನೆ ಮುಚ್ಚುತ್ತೆ ಅಷ್ಟೇ.

ಮಾಡಬೇಕಾದ್ದು: ಬಿಳಿ ಉಪ್ಪು ಬಿಟ್ಟಿದ್ರೆ ಮೊದಲು ಒಣಗಿದ್ದಾಗಲೇ ವೈರ್ ಬ್ರಷ್‌ನಲ್ಲಿ ಕೆರೆದು ಗುಡಿಸಿ ತೆಗೀರಿ. ನೀರು ಹಾಕಿ ಉಜ್ಜಿದ್ರೆ ಕರಗಿ ಮತ್ತೆ ಒಳಕ್ಕೇ ಹೋಗುತ್ತೆ. ಆಮೇಲೆ ಸೋಪಿನ ನೀರಲ್ಲಿ ತೊಳೆದು, ನಾಯಿ-ಬೆಕ್ಕಿನ ಮೂತ್ರಕ್ಕೆ ಅಂತ ಮಾರೋ ಎನ್‌ಜೈಮ್ ಕ್ಲೀನರ್ ನೆನೆಯೋ ಹಾಗೆ ಹಾಕಿ. ಅದು ಒಣಗಿದ್ರೆ ಕೆಲಸ ಮಾಡಲ್ಲ, ಸಂಜೆ ಹಾಕಿ ಒದ್ದೆ ಗೋಣಿತಾಟು ಹೊದಿಸಿ ಬೆಳಿಗ್ಗೆವರೆಗೂ ಬಿಡಿ. ಬ್ಲೀಚಿಂಗ್ ಉಳಿದಿದ್ರೆ ಎನ್‌ಜೈಮ್ ಕೆಟ್ಟುಹೋಗುತ್ತೆ, ಚೆನ್ನಾಗಿ ತೊಳೆದ ಮೇಲೇ ಹಾಕಿ.

ಗಾರೆ ಪುಡಿಯಾಗಿದ್ರೆ ಕ್ಲೀನರ್ ದುಡ್ಡು ದಂಡ. ಕಲೆ ಇರೋದಕ್ಕಿಂತ ಒಂದಡಿ ಮೇಲಿನವರೆಗೂ ಕೆತ್ತಿಸಿ, ಎರಡು-ಮೂರು ವಾರ ಗೋಡೆ ಆರೋಕೆ ಬಿಡಿ. 1:4 ಗಾರೆ (ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು), 50 ಕೆಜಿ ಸಿಮೆಂಟ್ ಚೀಲಕ್ಕೆ 200 ಮಿ.ಲೀ. ವಾಟರ್‌ಪ್ರೂಫಿಂಗ್ ದ್ರಾವಣ. ಅದರ ಮೇಲೆ ಮೂರಡಿ ಎತ್ತರಕ್ಕೆ ಹೊಳಪಿನ ಟೈಲ್ಸ್. ಸಂದಿಗೆ ಎಪಾಕ್ಸಿ ಗ್ರೌಟೇ ಬೇಕು. ಸಾದಾ ಸಿಮೆಂಟ್ ಗ್ರೌಟ್ ಹೀರ್ಕೊಳ್ಳುತ್ತೆ, ಒಂದೇ ಮಳೆಗಾಲಕ್ಕೆ ಮತ್ತೆ ವಾಸನೆ. ಗೋಡೆ ಬುಡದಲ್ಲಿ ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಕಟ್ಟೆ ಹಾಕಿಸಿದ್ರೆ ಹೊಯ್ದದ್ದು ಹೊಯ್ದವನ ಪ್ಯಾಂಟಿಗೇ ಸಿಡಿಯುತ್ತೆ. ಲಂಡನ್‌ನ ಹಳೇ ಓಣಿಗಳಲ್ಲಿ ಇಂಥವು ಈಗಲೂ ಇವೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2015ರಲ್ಲಿ ಬಿದ್ದ ನೀರನ್ನ ವಾಪಸ್ ಚಿಮ್ಮಿಸೋ ಬಣ್ಣ ಬಳಿದ್ರು, ಸಿಡಿಯೋ ಲೆಕ್ಕ ಅದೇ. ನಮ್ಮ ಒರಟು ಗಾರೆ, ಧೂಳಿಗೆ ಆ ಬಣ್ಣಕ್ಕಿಂತ ಕಟ್ಟೆನೇ ವಾಸಿ. ಒಂದು ಬಲ್ಬೂ ಹಾಕಿಸಿ. ಕತ್ತಲೆ ಇದ್ದ ಕಡೆಗೇ ಕಾಲು ಎಳೆಯೋದು.

ಬಾಲವಾಡಿ:
ಮಕ್ಕಳ ಮೂತ್ರಕೋಶದ ಅಂದಾಜು ಲೆಕ್ಕ ಇಷ್ಟು: ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿ. ಮೂರು ವರ್ಷದ್ದಕ್ಕೆ 120 ಮಿ.ಲೀ., ದೊಡ್ಡವರಿಗೆ 300ರಿಂದ 500. ಆಟದಲ್ಲಿ ಮುಳುಗಿರೋ ಮಗು ಕೊನೇ ಗಳಿಗೇಲಿ ಹೇಳುತ್ತೆ. ಆಗ ‘ಸ್ವಲ್ಪ ತಡ್ಕೋ ಪುಟ್ಟ’ ಅಂದ್ರೆ ಚಡ್ಡೀಲೇ ಆಗುತ್ತೆ. ಬಲವಂತವಾಗಿ ತಡ್ಕೊಳ್ಳೋದು ಅಭ್ಯಾಸ ಆದ್ರೆ ಮೂತ್ರದ ಸೋಂಕು ಬರಬಹುದು. ಹಾಗಾಗಿ ಮಗುವನ್ನ ಬೈಯೋದ್ರಲ್ಲಿ ಅರ್ಥ ಇಲ್ಲ. ಆದ್ರೆ ಕರ್ಕೊಂಡು ಬರೋ ದೊಡ್ಡವರಿಗೆ ಕೆಲಸ ಇದೆ.

ಮನೆ ಬಿಡೋ ಮುಂಚೆ ಒಂದ್ಸಲ, ಆಮೇಲೆ ಎರಡು ಗಂಟೆಗೊಮ್ಮೆ. ‘ಸುಸ್ಸು ಬರ್ತಿದ್ಯಾ?’ ಅಂತ ಕೇಳಿದ್ರೆ ಇಲ್ಲ ಅಂತಾನೇ ಹೇಳೋದು. ‘ಬಾ, ಹೋಗಿ ಬರೋಣ’ ಅನ್ನಿ. ಚೀಲದಲ್ಲಿ ಗಂಡುಮಗುವಿಗೆ ಅಗಲ ಬಾಯಿಯ, ಗಟ್ಟಿ ಮುಚ್ಚಳದ ಅರ್ಧ ಲೀಟರ್ ಬಾಟಲಿ. ಹೆಣ್ಣುಮಗುವಿಗೆ ಮಡಚೋ ಪಾಟಿ ಸೀಟು, ಅದರ ಕವರಿನೊಳಗೆ ಹೀರ್ಕೊಳ್ಳೋಕೆ ಒಂದು ಡಯಾಪರ್ ಹಾಸಿ. ಏನೂ ಇಲ್ಲದೆ ಅರ್ಜೆಂಟ್ ಆದ್ರೆ ಮಣ್ಣಿರೋ ಮರದ ಬುಡ ನೋಡಿ. ಗೋಡೆ, ಫುಟ್‌ಪಾತ್, ಆಟದ ಮರಳು ಬೇಡ. ಹೆಣ್ಣುಮಗುವನ್ನ ಬೆನ್ನು ನಿಮ್ಮ ಎದೆಗೆ ಒರಗಿಸಿ, ತೊಡೆ ಕೆಳಗೆ ಕೈಕೊಟ್ಟು ಎತ್ತಿ ಹಿಡಿದ್ರೆ ಬಟ್ಟೆ ನೆನೆಯಲ್ಲ. ಆಮೇಲೆ ಅರ್ಧ ಲೀಟರ್ ನೀರು ಹುಯ್ಯಿರಿ.

ಇದೆಲ್ಲ ಐದು ವರ್ಷದವರೆಗೆ. ಆಮೇಲೆ ಬಹುಪಾಲು ಮಕ್ಕಳು ಶೌಚಾಲಯ ಹುಡುಕೋವಷ್ಟು ಹೊತ್ತು ತಡ್ಕೋತಾರೆ. ಹೆಣ್ಣುಮಗುಗೆ ಐದಕ್ಕೇ ‘ನಾಚಿಕೆ ಆಗಲ್ವಾ’ ಅಂತೀವಿ. ಗಂಡುಮಗುಗೆ ಹತ್ತಾದ್ರೂ ‘ಅಲ್ಲೇ ಸೈಡಲ್ಲಿ ಮಾಡ್ಬಿಡೋ’. ನಿಮ್ಮ ಗೋಡೆಗೆ ಬರೋ ಮೂವತ್ತರ ಗಂಡಸಿಗೆ ಆ ಮಾತು ಹೇಳ್ಕೊಟ್ಟೋರು ಮನೆಯವರೇ.

ಸಂಜೆಬಸ್ಸು:
ಬೋರ್ಡಿನ ಚರ್ಚೇಲಿ ಹೆಂಗಸರ ಲೆಕ್ಕವೇ ಇಲ್ಲ ನೋಡಿ. ಅದೇ ಬಸ್ ಸ್ಟಾಪಲ್ಲಿ ನಾವೂ ನಿಲ್ತೀವಿ, ನೀರು ಕುಡಿಯದೆ. ಗಂಡಸರ ಮೂತ್ರಿ ಪುಕ್ಕಟೆ, ಹೆಂಗಸರಿಂದ ಮಾತ್ರ ಕಾಸು ಅನ್ನೋದರ ವಿರುದ್ಧವೇ ಮುಂಬೈನಲ್ಲಿ 2011ರಲ್ಲಿ ‘ರೈಟ್ ಟು ಪೀ’ ಚಳವಳಿ ಶುರುವಾಗಿದ್ದು. ಬೋರ್ಡು ಹಾಕೋದಾದ್ರೆ ‘ಶೌಚಾಲಯ ಇಷ್ಟು ಮೀಟರ್’ ಅಂತ ಬಾಣದ ಗುರುತೂ ಹಾಕಿ. ಗೂಗಲ್ ಮ್ಯಾಪಲ್ಲಿ ‘ಎಸ್‌ಬಿಎಂ ಟಾಯ್ಲೆಟ್’ (ಎಸ್‌ಬಿಎಂ ಅಂದ್ರೆ ಸ್ವಚ್ಛ ಭಾರತ್ ಮಿಷನ್) ಅಂತ ಹುಡುಕಿ, ಬೀಗ ಹಾಕಿದೆಯಾ ಅಂತ ಒಮ್ಮೆ ಹೋಗಿ ನೋಡಿ. ಸಕ್ಕರೆ ಕಾಯಿಲೆಯವರು, ಪ್ರಾಸ್ಟೇಟ್ ತೊಂದರೆ ಇರೋ ಅಜ್ಜಂದಿರಿಗೂ ಮಗುವಿನ ಹಾಗೇ ತಡ್ಕೊಳ್ಳೋಕಾಗಲ್ಲ. ಅವರಿಗೆ ಬೇಕಾದ್ದು ಬಾಣ.

ಮೂಲೆಸೈಟು:
ಎಲ್ಲರಿಗೂ ಥ್ಯಾಂಕ್ಸ್. ದಂಡದ ಸಾಲು ತೆಗೆಸ್ತೀವಿ, ಬಾಣ ಹಾಕಿಸ್ತೀವಿ. ಗಾರೆಕರಣೆ ಸರ್, ಜೂನ್‌ನಲ್ಲಿ ಕೆಲಸ ಶುರು ಮಾಡಬಹುದಾ?

ಗಾರೆಕರಣೆ:
ಬೇಡ. ಮಳೇಲಿ ಗೋಡೆ ಆರಲ್ಲ, ಒಳಗೆ ಉಳಿದ ಉಪ್ಪು ಟೈಲ್ಸನ್ನ ಹಿಂದಿನಿಂದ ತಳ್ಳುತ್ತೆ. ಈಗ ಕಟ್ಟೆ, ಲೈಟು ಮುಗಿಸ್ಕೊಳ್ಳಿ. ಕೆತ್ತೋದು ಡಿಸೆಂಬರ್‌ಗೆ ಇಟ್ಕೊಳ್ಳಿ.