ಊಟಿ ಉಗಿ ರೈಲನ್ನು ಪೂರ್ತಿ ಬುಕ್ ಮಾಡಿದರೆ ತಲೆಗೆ ಎಷ್ಟು ಹಾಕಬೇಕು?

ಪ್ರಶ್ನೆ: ಸರ್, ಮೈಸೂರಿನಲ್ಲಿ ಸಣ್ಣದಾಗಿ ಟೂರ್ ಮಾಡಿಸುತ್ತೇನೆ. ಮೆಟ್ಟುಪಾಳ್ಯದಿಂದ ಊಟಿಗೆ ಹೋಗುವ ನೀಲಗಿರಿ ರೈಲನ್ನು ಒಂದು ದಿನ ಚಾರ್ಟರ್ ಮಾಡಬೇಕು ಅಂತಿದೆ. 2018ರಲ್ಲಿ ಬ್ರಿಟನ್ನಿನ ನವದಂಪತಿ ತಮ್ಮಿಬ್ಬರಿಗೇ ಬುಕ್ ಮಾಡಿದ್ದರಲ್ಲ, ಎರಡೂವರೆ-ಮೂರು ಲಕ್ಷ ಆಗಿತ್ತಂತೆ. 3 ಲಕ್ಷವನ್ನು 120 ಜನಕ್ಕೆ ಹಂಚಿದರೆ ತಲೆಗೆ 2,500. ಬಸ್ಸು, ರೂಮು, ಊಟಕ್ಕೆ 3,500. ನಾನು 6,500 ತಗೊಂಡರೆ ತಲೆಗೆ 500 ಉಳಿಯುತ್ತೆ ಅಲ್ವಾ?

ಉತ್ತರ: 120 ಜನ ಬಂದರೆ ಉಳಿಯುತ್ತೆ. ಬರದಿದ್ದರೆ? ರೈಲಿನ ಬಾಡಿಗೆ ಸೀಟು ಖಾಲಿ ಇದ್ದರೂ ಅಷ್ಟೇ. 70 ಜನ ಬಂದರು ಅನ್ನಿ, ನಿಮಗೆ ಬರೋದು 4,55,000, ಖರ್ಚು 5,45,000. ಕೈಯಿಂದ 90,000 ಹೋಯ್ತು. ನಿಮ್ಮ ದರಕ್ಕೆ 100 ಜನ ಆಗುವವರೆಗೆ ಒಂದು ರೂಪಾಯಿ ಲಾಭ ಇಲ್ಲ. ಅದಕ್ಕೇ 70 ಜನಕ್ಕೆ ಲೆಕ್ಕ ಹಾಕಿ ದರ ಇಡಿ, ಅಂದರೆ 7,800ಕ್ಕೆ ಕಮ್ಮಿ ಬೇಡ.

ಬಸ್ಸೂ ತಲೆಲೆಕ್ಕ ಅಲ್ಲ. 45 ಸೀಟಿನ ಬಸ್ಸಿಗೆ 46ನೆಯವನು ಬಂದ ಕೂಡಲೇ ಇನ್ನೊಂದು ಬಸ್ಸು ಬೇಕು. ಜೊತೆಗೆ ನೀವು ರೈಲಲ್ಲಿ ಮೇಲೆ ಹೋದಾಗ ಬಸ್ಸು ಖಾಲಿಯಾಗಿ ಘಾಟಿ ಹತ್ತಿ ಬರಬೇಕು, ತಮಿಳುನಾಡಿನ ತೆರಿಗೆ, ನೀಲಗಿರಿಗೆ ಹೊರಗಿನ ವಾಹನ ಹೋಗಲು ಬೇಕಾದ ಇ-ಪಾಸ್ ಬೇರೆ. ಮೈಸೂರಿನಿಂದ ಮೆಟ್ಟುಪಾಳ್ಯಕ್ಕೆ ಹೋಗುವ ದಾರಿಯ ದಿಂಬಂ ಘಾಟಿಯಲ್ಲಿ ರಾತ್ರಿ ವಾಹನ ಬಿಡಲ್ಲ. ಬೆಳಗಿನ ರೈಲು ಹಿಡೀಬೇಕು ಅಂದರೆ ಹಿಂದಿನ ರಾತ್ರಿ ಮೆಟ್ಟುಪಾಳ್ಯದಲ್ಲೋ ಕೊಯಮತ್ತೂರಲ್ಲೋ ಉಳಿಯಲೇಬೇಕು. ನಿಮ್ಮ 3,500ರಲ್ಲಿ ಈ ರಾತ್ರಿ ಇದೆಯಾ?

2018ರ ರೇಟು ನಂಬಿ ಬ್ರೋಷರ್ ಅಚ್ಚು ಹಾಕಿಸಬೇಡಿ. ಈ ರೈಲನ್ನು ನೋಡಿಕೊಳ್ಳುವ ರೈಲ್ವೆಯ ಸೇಲಂ ವಿಭಾಗದಿಂದ ಲಿಖಿತ ಕೊಟೇಶನ್ ತಗೊಳ್ಳಿ. ಜಿಎಸ್‌ಟಿ ನೋಂದಣಿ ಇದ್ದರೆ 5% ಪೂರ್ತಿ ಬಿಲ್ಲಿನ ಮೇಲೆ ಬೀಳುತ್ತೆ, ನಿಮ್ಮ ಲಾಭದ ಮೇಲಲ್ಲ. 6,500ರ ಒಳಗೇ ಸೇರಿಸಿದರೆ ಸುಮಾರು 310 ಅಲ್ಲೇ ಹೋಯ್ತು, ನಿಮ್ಮ 500ರಲ್ಲಿ ಉಳಿದಿದ್ದು 190.

ಪ್ರಶ್ನೆ: ನವೆಂಬರಿನಲ್ಲಿ ರಜೆ ನೋಡಿ ಇಡೋಣ ಅಂತ ಇದ್ದೆ. ಅಡ್ವಾನ್ಸ್ ಬಂದರೆ ಅದರಲ್ಲೇ ಹೋಟೆಲಿಗೆ ಕಟ್ಟಬಹುದಾ?

ಉತ್ತರ: ನವೆಂಬರ್ ಬೇಡವೇ ಬೇಡ. ಹಿಂಗಾರು ಮಳೆಗೆ ಕಲ್ಲಾರು-ಕೂನೂರು ನಡುವೆ ಗುಡ್ಡ ಕುಸಿದು ದಿನಗಟ್ಟಲೆ ರೈಲು ನಿಲ್ಲುತ್ತೆ. ಜನ ಬರೋದೇ ಅಲ್ಲಿನ ಹಲ್ಲುಹಳಿಯ (ಎಂಜಿನ್ನಿನ ಹಲ್ಲುಚಕ್ರ ಕಚ್ಚಿ ಹತ್ತುವ ಹಳಿ) ಏರು ನೋಡೋಕೆ, ಹಿಂದಿನಿಂದ ಉಗಿ ಎಂಜಿನ್ ತಳ್ಳುವ ಭಾಗ ಅದು. ಕೂನೂರಿನಿಂದ ಮೇಲೆ ಡೀಸೆಲ್. ಅದು ತಪ್ಪಿದರೆ ಎಲ್ಲರೂ ದುಡ್ಡು ವಾಪಸ್ ಕೇಳ್ತಾರೆ. ಅಡ್ವಾನ್ಸ್ ಬೇರೆ ಖಾತೆಯಲ್ಲಿಡಿ, ರೈಲು ಹೊರಡುವವರೆಗೆ ಅದು ನಿಮ್ಮದಲ್ಲ. ಹೋಟೆಲಿಗೆ ಕಟ್ಟಲೇಬೇಕಾದರೆ ಅಲ್ಲಿಂದ ಎಷ್ಟು ವಾಪಸ್ ಬರುತ್ತೆ ಅಂತ ಮೊದಲು ಬರೆಸಿಕೊಳ್ಳಿ, ಗಿರಾಕಿಗೂ ಅದನ್ನೇ ಹೇಳಿ.

ಮತ್ತೊಬ್ಬರು: ಚಾರ್ಟರ್ ಯಾಕೆ, ದಿನದ ರೈಲಲ್ಲೇ ಮುಂಚೆ ಟಿಕೆಟ್ ಮಾಡಿಸಬಾರದಾ?

ಉತ್ತರ: ನಾನೂ ಅದನ್ನೇ ಹೇಳುವವನಿದ್ದೆ. ಟಿಕೆಟ್ ಬೆಲೆ ಕೆಲವು ನೂರು ರೂಪಾಯಿ. ಸೀಟು ಸಿಗೋದು ಕಷ್ಟ, ನಿಜ. ಆದರೆ ಸಿಕ್ಕಷ್ಟಕ್ಕೇ ಜನ ಕರೆದುಕೊಂಡು ಹೋದರೆ ಖಾಲಿ ಸೀಟಿನ ಹೊರೆ ರೈಲ್ವೆಯದು, ನಿಮ್ಮದಲ್ಲ.

ಪ್ರಶ್ನೆ ಕೇಳಿದವರು: ಸರಿ ಸರ್. ಫೆಬ್ರವರಿಗೆ 25 ಜನ, ಒಂದೇ ಬಸ್ಸು.